ಯಂತ್ರಕ್ಕೂ "ಗೊತ್ತಿಲ್ಲ" ಅನ್ನೋಕೆ ಬರಬೇಕು

ಮೊನ್ನೆ ರಾತ್ರಿ ಹತ್ತೂವರೆಗೆ ತಂಗಿ ಮಗಳ ಫೋನು. "ದೊಡ್ಡಮ್ಮ, ಪರೀಕ್ಷೆ ಫಾರ್ಮ್ ತುಂಬೋಕೆ ನಾಳೆ ಕೊನೇ ದಿನ. ಪಾಸ್‌ವರ್ಡ್ ಮರೆತುಹೋಗಿದೆ. ಒಟಿಪಿ ಹಳೇ ನಂಬರಿಗೆ ಹೋಗ್ತಿದೆ, ಆ ಸಿಮ್ ಈಗ ಇಲ್ಲ!"

ಅವಳ ವಿಶ್ವವಿದ್ಯಾಲಯದ ಐಟಿ ವಿಭಾಗದವರು ಇಂಥ ತೊಂದರೆಗಳಿಗೆ ಅಂತಲೇ ಈಗ ಎಐ ಚಾಟ್‌ಬಾಟ್ ಇಟ್ಟಿದ್ದಾರೆ. ಅದನ್ನೇ ಕೇಳಿದ್ದಾಳೆ. "ಪ್ರೊಫೈಲ್ ತೆರೆದು ಮೊಬೈಲ್ ನಂಬರ್ ಬದಲಿಸಿ" ಅಂತಂತೆ. ಪ್ರೊಫೈಲ್ ತೆರೆಯೋಕೆ ಪಾಸ್‌ವರ್ಡ್ ಬೇಕಲ್ಲಪ್ಪಾ... ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ! :-)

ಮತ್ತೆ ಮತ್ತೆ ಕೇಳಿದ್ದಕ್ಕೆ, "ನಿಮ್ಮ ಕೋರಿಕೆ ದಾಖಲಾಗಿದೆ, ಬೆಳಿಗ್ಗೆಯೊಳಗೆ ಸರಿಯಾಗುತ್ತದೆ" ಅಂತು. ನಂಬಿ ಮಲಗಿದಳು. ಮರುದಿನ ಸಂಜೆವರೆಗೂ ಕಾದರೂ ಏನೂ ಆಗಲಿಲ್ಲ. ಬಸ್ಸು ಹಿಡಿದು ಆಫೀಸಿಗೆ ಹೋಗೋ ಹೊತ್ತಿಗೆ ಕೌಂಟರ್ ಮುಚ್ಚಿತ್ತು. ಅದರ ಮರುದಿನ ಅಲ್ಲಿನವರು ಐಡಿ ಕಾರ್ಡ್ ನೋಡಿ ಐದೇ ನಿಮಿಷದಲ್ಲಿ ನಂಬರ್ ಬದಲಿಸಿಕೊಟ್ಟರು. ಆದರೆ ದಂಡ ಕಟ್ಟಲೇಬೇಕಾಯ್ತು. "ನಿನ್ನ ಕೋರಿಕೆಯೇ ಬಂದಿಲ್ಲಮ್ಮ. ಹಾಗಂದಿದ್ದು ಬಾಟ್, ನಾವಲ್ಲ."

ಈ "ನಾವಲ್ಲ" ಅನ್ನೋ ಮಾತೇ ನನ್ನನ್ನ ಕೆಣಕಿದ್ದು. ಏರ್ ಕೆನಡಾದವರೂ ಇದೇ ವಾದ ಹೂಡಿದ್ದರು. ಅಜ್ಜಿ ತೀರಿಕೊಂಡಾಗ ಟಿಕೆಟ್ ಕೊಂಡ ಒಬ್ಬರಿಗೆ ಅವರ ಬಾಟ್ ರಿಯಾಯಿತಿ ಬಗ್ಗೆ ತಪ್ಪು ಹೇಳಿತ್ತು. 2024ರ ಫೆಬ್ರವರಿಯಲ್ಲಿ ಅಲ್ಲಿನ ನ್ಯಾಯಮಂಡಳಿ, ಬಾಟ್ ನಿಮ್ಮದು, ಅದರ ಮಾತಿಗೂ ನೀವೇ ಹೊಣೆ ಅಂತ ತೀರ್ಪು ಕೊಟ್ಟು ಸುಮಾರು 812 ಕೆನಡಾ ಡಾಲರ್ ಕೊಡಿಸಿತು.

ಬಾಟೇ ಬೇಡ ಅಂತ ನಾನು ಹೇಳ್ತಿಲ್ಲ. ಮಧ್ಯರಾತ್ರಿ ಹಾಸ್ಟೆಲಿನ ವೈಫೈ ಕೈಕೊಟ್ಟರೆ ಉತ್ತರಿಸೋಕೆ ಯಾರು ಎದ್ದಿರ್ತಾರೆ? 2016ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಪ್ರೊಫೆಸರ್ ಅಶೋಕ್ ಗೋಯಲ್ ತಮ್ಮ ಆನ್‌ಲೈನ್ ಕೋರ್ಸಿಗೆ 'ಜಿಲ್ ವಾಟ್ಸನ್' ಅನ್ನೋ ಯಂತ್ರ ಸಹಾಯಕಿಯನ್ನ ತಂದಿದ್ದರು. ಉತ್ತರ ಸರಿ ಅಂತ ಶೇ. 97ರಷ್ಟು ಭರವಸೆ ಇದ್ದರೆ ಮಾತ್ರ ಅದು ಬಾಯಿ ಬಿಡ್ತಿತ್ತು. ಉಳಿದ ಪ್ರಶ್ನೆಗಳಿಗೆ ಮನುಷ್ಯರಿದ್ದರು.

ಈಗಿನ ಬಾಟ್‌ಗಳು ಮಾತಿನಮಲ್ಲರು. ಮುಂದಿನ ಪದ ಯಾವುದಿರಬಹುದು ಅಂತ ಊಹಿಸ್ತಾ ವಾಕ್ಯ ಕಟ್ಟೋದು ಅವುಗಳ ಕಸುಬು. ಆದರೆ "ದಾಖಲಾಗಿದೆ" ಅಂತ ಬರೆಯೋದೇ ಬೇರೆ, ನಿಜಕ್ಕೂ ದಾಖಲಾಗೋದೇ ಬೇರೆ. ಈ ವ್ಯತ್ಯಾಸ ಗೊತ್ತಿರಬೇಕಾದ್ದು ಅದನ್ನ ತಂದು ಕೂರಿಸಿದವರಿಗೆ.

ನಾನು ಕೇಳೋದು ಇಷ್ಟೇ: ಕೈಲಾಗದ್ದು ಬಂದಾಗ "ನನಗೆ ಗೊತ್ತಿಲ್ಲ, ಇವರನ್ನ ಕೇಳಿ" ಅಂತ ಒಬ್ಬ ಮನುಷ್ಯನ ನಂಬರ್ ಕೊಡಲಿ. ಆ ಫೋನನ್ನ ಯಾರಾದರೂ ಎತ್ತಲಿ. ಬಾಟ್ ತಪ್ಪು ಹೇಳಿದರೆ ದಂಡ ಹುಡುಗಿಯ ತಲೆಗೆ ಕಟ್ಟೋದು ಬೇಡ.

ನೀವೇನಂತೀರಿ?