ನಮ್ಮ ಓಣಿಯ ಬಾವಡಿ ಯಾರ ಖಾತೆಯಲ್ಲಿದೆ?

ವಿಜಯಪುರದ ಬಾವಡಿಗಳು ತಮ್ಮವೆನ್ನುವ ಮತ್ತು ತಮ್ಮವಲ್ಲವೆನ್ನುವ ಎಲ್ಲ ಅಧಿಕಾರಿಗಳಿಗೆ,

ಕೋಟೆ ಗೋಡೆಯೊಳಗಿನ ನಮ್ಮ ಓಣಿಯಲ್ಲಿ ಒಂದು ಹಳೆಯ ಬಾವಡಿ, ಅಂದರೆ ಮೆಟ್ಟಿಲುಬಾವಿ, ಇದೆ. ಅದರ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ಅದೊಂದನ್ನೇ ಬಳಿಸಿ, ಫೋಟೊ ತೆಗೆಸಿ ಕಡತ ಮುಚ್ಚಿಬಿಡುತ್ತೀರಿ. ಮೆಟ್ಟಿಲು ಕಾಣದಷ್ಟು ಪ್ಲಾಸ್ಟಿಕ್ ಚೀಲ, ಮದುವೆ ಮನೆಯ ಎಂಜಲೆಲೆ, ಚೌತಿ ಮುಗಿದ ಮೇಲೆ ಉಳಿದ ಬಣ್ಣದ ಪ್ಲಾಸ್ಟರು ಅದರಲ್ಲಿ ತುಂಬಿವೆ. ಅರ್ಜಿ ಹಿಡಿದು ಒಂದು ಕಚೇರಿಗೆ ಹೋದರೆ, ಅದು ಸ್ಮಾರಕ, ನಾವು ಮುಟ್ಟುವಂತಿಲ್ಲ ಎಂದರು. ಇನ್ನೊಂದು ಕಚೇರಿಯಲ್ಲಿ, ಅದು ನಮ್ಮ ಪಟ್ಟಿಯಲ್ಲೇ ಇಲ್ಲ ಎಂದರು. ಕಸ ಎಸೆಯುವುದಕ್ಕೆ ಮಾತ್ರ ಯಾರ ಪರವಾನಗಿಯೂ ಬೇಕಿಲ್ಲ. ಎಸೆಯುವವರು ಓಣಿಯವರೇ, ನಿಜ. ಕಸದ ಗಾಡಿ ಈ ಸಂದಿಗೆ ಬರುವುದಿಲ್ಲ ಎಂಬುದೂ ಅಷ್ಟೇ ನಿಜ.

ಮಳೆ ಕಡಿಮೆಯ ಈ ನೆಲದಲ್ಲಿ ಆದಿಲ್‌ಶಾಹಿ ಸುಲ್ತಾನರು ರಾಜಧಾನಿ ಬೆಳೆಸಿದ್ದು ನೀರಿನ ಲೆಕ್ಕ ಹಾಕಿಯೇ. ತೊರವಿಯ ಕಡೆಯಿಂದ ನೆಲದಡಿಯ ಸುರಂಗ. 1651ರಲ್ಲಿ ಮುಹಮ್ಮದ್ ಆದಿಲ್‌ಶಾ ಕಟ್ಟಿಸಿದ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆ. ನಡುನಡುವೆ ಒತ್ತಡ ತಗ್ಗಿಸಿ ಹೂಳು ಕೆಳಗಿಳಿಸುವ ಗಂಜ್ ಎಂಬ ಗೋಪುರಗಳು. 1579ರ ಚಾಂದ್ ಬಾವಡಿಗೆ ರಾಣಿ ಚಾಂದ್ ಬೀಬಿಯ ಹೆಸರಿಟ್ಟರು. 1620ರ ಸುಮಾರಿನ ತಾಜ್ ಬಾವಡಿಯ ಎರಡೂ ಮಗ್ಗುಲಿಗೆ ದಾರಿಹೋಕರು ತಂಗಲು ಕೋಣೆ ಕಟ್ಟಿದರು. ಪರ್ಷಿಯಾ ಕಡೆಯಿಂದ ಬಂದ ಆಫಾಕಿಗಳು, ಇಲ್ಲಿಯ ದಖ್ಖನಿಗಳು, ಆಫ್ರಿಕಾ ಮೂಲದ ಹಬ್ಶಿಗಳು ದರಬಾರಿನಲ್ಲಿ ಕಚ್ಚಾಡುತ್ತಿದ್ದರೂ ನೀರಡಿಕೆಗೆ ಇವೇ ಬಾವಡಿಗಳು ಬೇಕಿದ್ದವು. ಕಂದಾಯದ ಲೆಕ್ಕ ಬರೆಯುವ ಬ್ರಾಹ್ಮಣರಿಗೂ ಪೇಟೆಯ ವ್ಯಾಪಾರಿಗಳಿಗೂ ಅಷ್ಟೆ. (ಎಲ್ಲರೂ ಒಂದೇ ಮೆಟ್ಟಿಲಿಳಿದು ನೀರು ತುಂಬಿದರೆಂದು ನಾನು ಹೇಳುತ್ತಿಲ್ಲ, ಜಾತಿಯೂ ಕೊಡ ಹಿಡಿದು ಪಾಳಿಯಲ್ಲಿ ನಿಂತಿರುತ್ತಿತ್ತು.) 1686ರಲ್ಲಿ ಔರಂಗಜೇಬ ಊರು ಗೆದ್ದ, ದರಬಾರು ಮುಗಿಯಿತು. ಬಾವಡಿಗಳು ಜನರಿಗೆ ಉಳಿದವು.

ಕೃಷ್ಣೆಯ ನೀರು ನಳಕ್ಕೆ ಬಂದ ಮೇಲೆ ಅವು ಯಾರಿಗೂ ಬೇಡವಾದವು. ಕೆಲವು ವರ್ಷಗಳ ಹಿಂದೆ ತಾಜ್ ಬಾವಡಿಯಂಥ ದೊಡ್ಡವುಗಳ ಹೂಳೆತ್ತಿಸಿದಿರಿ, ಅದಕ್ಕೆ ಶರಣು. ಪ್ರವಾಸಿಗರು ಹಾಯದ ಓಣಿಗಳ ಸಣ್ಣ ಬಾವಡಿಗಳ ಕಡೆ ಮಾತ್ರ ಯಾರೂ ತಿರುಗಿ ನೋಡಲಿಲ್ಲ.

ವಾರ್ಡುವಾರು ಪಟ್ಟಿ ಮಾಡಿ, ಪ್ರತಿ ಬಾವಡಿಯ ಹೊಣೆ ಯಾವ ಕಚೇರಿಯದೆಂದು ಅಲ್ಲೇ ಫಲಕ ಹಾಕಿಸಿ. ಚೌತಿಗೆ ಬೇರೆ ತೊಟ್ಟಿ ಕಟ್ಟಿಸಿ. ದೊಡ್ಡ ಗಾಡಿ ಹೊಗದ ಸಂದಿಗೆ ಕಸ ಒಯ್ಯಲು ತಳ್ಳುಗಾಡಿಯಾದರೂ ಬರಲಿ. ಮುಂಗಾರಿಗೆ ಮೊದಲು ಹೂಳು ತೆಗೆಯಬೇಕು. ಬುಟ್ಟಿ ಹೊರಲು ಓಣಿಯ ಹುಡುಗರು ತಯಾರಿದ್ದಾರೆ. ಅವರಿಗೆ ನಿಮ್ಮದೊಂದು ಲಿಖಿತ ಪರವಾನಗಿ ಬೇಕು. ಅದಿಲ್ಲದೆ ಇಳಿದರೆ ಸ್ಮಾರಕಕ್ಕೆ ಧಕ್ಕೆ ಮಾಡಿದರೆಂದು ಕೇಸು ಹಾಕಲು ಆಗ ನೀವು ಎರಡೂ ಕಚೇರಿಯವರು ಕೂಡಿಯೇ ಬರುತ್ತೀರಿ.

ಇಂತಿ,
ಕೋಟೆಯೊಳಗಿನ ಒಬ್ಬ ನಿವಾಸಿ
ವಿಜಯಪುರ