ಚೌಡಿಕೆಯವ್ವನ ಹೆಸರು ಬರೀರಿ

ಸಂಗೀತ ಅಂದ್ರ ಧಾರವಾಡ ಅಂತಾರೆ. ಒಪ್ಪಿದೆವು. ಆದರೆ ಅಲ್ಲಿಯ ಬೈಠಕ್ಕುಗಳಲ್ಲಿ ಕೇಳುವುದು ಬಹುಪಾಲು ಸತ್ತವರು ಕಟ್ಟಿದ ಚೀಜುಗಳನ್ನೇ. ಬದುಕಿದ್ದವರು ಕಟ್ಟಿದ್ದು ಬೇಕಾದವರು ನವಿಲುತೀರ್ಥದ ಕಡೆ ಬರಲಿ. ಇಲ್ಲಿ ಮಲಪ್ರಭೆಯನ್ನು ತಡೆದು ನಿಲ್ಲಿಸಿದ ನೀರಿಗೆ ರೇಣುಕಾಸಾಗರ ಅಂತ ಹೆಸರಿಟ್ಟರು. ಆ ರೇಣುಕೆಯನ್ನು ಸವದತ್ತಿ ಗುಡ್ಡದಲ್ಲಿ ಹಾಡುವ ನಮ್ಮ ಅವ್ವಂದಿರಿಗೆ ಮಾತ್ರ ಹೆಸರಿಲ್ಲ. ಚೌಡಿಕೆ ಕಂಕುಳಲ್ಲಿ ಅವುಚಿ, ಒಂದೇ ತಂತಿಯನ್ನು ಬಿಗಿದು ಸಡಿಲಿಸಿ ಸ್ವರ ಏರಿಸಿ ಇಳಿಸುತ್ತಾರೆ. ಹಳೇ ಕತೆಗೆ ನಿಂತಲ್ಲೇ ಹೊಸ ಮಾತು ಕಟ್ಟುತ್ತಾರೆ. ಪಂಡಿತರು ಇದಕ್ಕೆ ‘ಜಾನಪದ’ ಅಂತ ಚೀಟಿ ಹಚ್ಚಿ ಕೈ ತೊಳಕೊಂಡರು.

1924ರಲ್ಲಿ ಬೆಳಗಾವಿ ಸೀಮೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು ಮಾಳವದ ಹಳ್ಳಿ ಧಾಟಿಗಳಿಂದ ಹೊಸ ರಾಗ ಕಟ್ಟಿದರು. ದೊಡ್ಡ ಕೆಲಸವೇ. ಆ ಧಾಟಿ ಹಾಡಿದವರು ಯಾರು? ‘ಹಳ್ಳಿಯವರು.’ ಹಳ್ಳಿಯವರಿಗೆ ಹೆಸರಿರೂದಿಲ್ಲೇನ್ರಿ?

2021ರಲ್ಲಿ ಮಂಜಮ್ಮ ಜೋಗತಿಗೆ ಪದ್ಮಶ್ರೀ ಬಂತು. ಅಷ್ಟಕ್ಕೇ ಸಾಲ ತೀರಿತು ಅನ್ನಬೇಡಿ.

ಮುತ್ತು ಕಟ್ಟುವುದನ್ನು ನಾವು ಹೊಗಳುತ್ತಿಲ್ಲ. 1982ರ ಕಾಯ್ದೆ ಅದನ್ನು ನಿಷೇಧಿಸಿತು. ಮುತ್ತು ಹರಿಯಲಿ, ತಂತಿ ಉಳಿಯಲಿ. ಯಾವ ಹುಡುಗಿಯನ್ನೂ ದೇವರಿಗೆ ಬಿಡದೆ ಚೌಡಿಕೆ ಸಂಗೀತ ಶಾಲೆಗೆ ಬರಲಿ. ಆ ಅವ್ವನೇ ಗುರುವಾಗಲಿ, ಪಗಾರ ಎಣಿಸಲಿ. ಮಾಸ್ತರರೇ, ಅವಳ ಹಾಡು ಬರಕೊಳ್ಳುವಾಗ ಮೊದಲ ಸಾಲಿನಲ್ಲಿ ಅವಳ ಹೆಸರು ಬರೀರಿ.