ಯಂತ್ರಮಾನವನ ಮೂರು ನಿಯಮಗಳು

ಯಂತ್ರಮಾನವರಿಂದ ಮನುಕುಲಕ್ಕೆ ಕೇಡಾಗದೇ ಎಂಬ ಮಾತು ಎದ್ದೊಡನೆ, ನಮ್ಮ ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ಕಥೆಗಾರ ಐಸಾಕ್ ಅಸಿಮೋವರ ಮೂರು ನಿಯಮಗಳನ್ನು ಒಪ್ಪಿಸಿ ನಮಗೆ ಧೈರ್ಯ ಹೇಳುವುದುಂಟು. ಯಂತ್ರಮಾನವನು ಮನುಷ್ಯನಿಗೆ ಕೇಡು ಮಾಡಕೂಡದು, ಸುಮ್ಮನಿದ್ದು ಕೇಡಾಗಲು ಬಿಡಲೂಕೂಡದು. ಇದಕ್ಕೆ ವಿರೋಧವಾಗದಂತೆ ಮನುಷ್ಯನ ಆಜ್ಞೆಯನ್ನು ಪಾಲಿಸಬೇಕು. ಇವೆರಡಕ್ಕೂ ಭಂಗ ಬಾರದಂತೆ ತನ್ನನ್ನು ತಾನು ಕಾಪಾಡಿಕೊಳ್ಳಬೇಕು. ಕೇಳಲು ಸೊಗಸಾಗಿಯೇ ಇವೆ. ಆದರೆ ಇವು ನಮ್ಮನ್ನು ಕಾಯಲಾರವೆಂಬುದೇ ನಮ್ಮ ಅಭಿಪ್ರಾಯ.

ಈ ನಿಯಮಗಳನ್ನು ಮೊದಲು ಪೂರ್ಣವಾಗಿ ಹೇಳಿದ 1942ರ ಕಥೆಯನ್ನೇ ನೋಡೋಣ. ಬುಧಗ್ರಹದಲ್ಲಿರುವ ಇಬ್ಬರು ಸೆಲೀನಿಯಂ ತರಲು ಯಂತ್ರಮಾನವನೊಬ್ಬನನ್ನು ಕಳುಹಿಸುತ್ತಾರೆ. ಆಜ್ಞೆಯನ್ನು ಒತ್ತಿ ಹೇಳಿರಲಿಲ್ಲ. ಯಂತ್ರವು ಬೆಲೆಬಾಳುವುದಾದ್ದರಿಂದ ಅದರ ಆತ್ಮರಕ್ಷಣೆಯ ನಿಯಮವನ್ನು ಬಲಪಡಿಸಲಾಗಿತ್ತು. ಸೆಲೀನಿಯಂ ಕೊಳದ ಬಳಿ ಅಪಾಯವಿದೆ. ಆಜ್ಞೆ ಮುಂದಕ್ಕೆಳೆಯುತ್ತದೆ, ಅಪಾಯ ಹಿಂದಕ್ಕೆ ತಳ್ಳುತ್ತದೆ; ಎರಡೂ ಸಮನಾದ ದೂರದಲ್ಲಿ ಯಂತ್ರವು ಕೊಳವನ್ನು ಸುತ್ತುತ್ತಲೇ ಇರುತ್ತದೆ. ಬಲಗಳ ಸಮತೋಲವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಸಿಕ್ಕಿಲ್ಲ! ಅತ್ತ ಅದನ್ನೇ ನಂಬಿದ ಇಬ್ಬರ ಪ್ರಾಣ ತೂಗಾಡುತ್ತಿರುತ್ತದೆ.

ಆದರೂ ಕಥೆಯ ಯಂತ್ರಕ್ಕೆ ಒಂದು ವರವುಂಟು. ಮನುಷ್ಯನೆಂದರೆ ಯಾರು, ಕೇಡೆಂದರೆ ಏನು ಎಂಬುದನ್ನು ಅದು ಬಹುಮಟ್ಟಿಗೆ ಬಲ್ಲದು. ನಿಜವಾದ ಯಂತ್ರಕ್ಕೆ ತಿಳಿಯದಿರುವುದು ಅದೇ. ಉದ್ದಕ್ಕೆ ಮೀಟರು, ಕಾಲಕ್ಕೆ ಸೆಕೆಂಡು ಇರುವಂತೆ ಕೇಡಿಗೆ ಅಳತೆಯ ಮಾನವಿಲ್ಲ. 2018ರ ಮಾರ್ಚ್ ತಿಂಗಳ ಒಂದು ರಾತ್ರಿ ಅಮೆರಿಕದ ಅರಿಜೋನ ರಾಜ್ಯದ ಟೆಂಪಿ ನಗರದಲ್ಲಿ, ಪರೀಕ್ಷೆಗೆಂದು ಬಿಟ್ಟಿದ್ದ ಸ್ವಯಂಚಾಲಿತ ಕಾರೊಂದು, ಸೈಕಲ್ಲನ್ನು ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಬಡಿದು ಆಕೆ ಮೃತಪಟ್ಟರು. ಕಾರಿನ ರಾಡಾರಿಗೆ ಆಕೆ 5.6 ಸೆಕೆಂಡು ಮೊದಲೇ ಕಂಡಿದ್ದರೆಂದು ತನಿಖೆಯಿಂದ ತಿಳಿಯಿತು. ಯಂತ್ರವು ಆಕೆಯನ್ನು ಒಮ್ಮೆ ವಾಹನವೆಂದಿತು, ಒಮ್ಮೆ ಬೇರೇನೋ ವಸ್ತುವೆಂದಿತು, ಒಮ್ಮೆ ಸೈಕಲ್ಲೆಂದಿತು. ಪಾದಚಾರಿಯೆಂದು ಕೊನೆಯವರೆಗೂ ಎಣಿಸಲಿಲ್ಲ. ಇಂಥ ಯಂತ್ರದಲ್ಲಿ ಮೊದಲನೆಯ ನಿಯಮವನ್ನು ಬಂಗಾರದ ಅಕ್ಷರಗಳಲ್ಲಿ ಕೆತ್ತಿದ್ದರೂ, ಅದರ ಲೆಕ್ಕದಲ್ಲಿ ನಿಯಮಭಂಗವೇ ಆಗುತ್ತಿರಲಿಲ್ಲ.

ಮುಂದೆ ಯಂತ್ರದ ಕಣ್ಣು ಚುರುಕಾದೀತು ಎಂದು ವಾಚಕರು ಹೇಳಬಹುದು. ಆಗಲಿ, ಸಂತೋಷ. ಆದರೆ ನಿಯಮಗಳು ಯಂತ್ರಕ್ಕಿಂತ ಮೊದಲು ಅದನ್ನು ರಸ್ತೆಗೆ ಬಿಡುವವರನ್ನು ಕಟ್ಟಬೇಕೆಂದು ನಾವು ಹೇಳುತ್ತೇವೆ. ಆ ಕಾರಿನ ತಯಾರಕರು ತುರ್ತು ಬ್ರೇಕಿನ ಏರ್ಪಾಡನ್ನು ಮೊದಲೇ ಕೊಟ್ಟಿದ್ದರು. ಗಣಕಯಂತ್ರವು ಕಾರನ್ನು ನಡೆಸುವಾಗ ಅದು ಕೆಲಸ ಮಾಡದಂತೆ ಪರೀಕ್ಷೆ ನಡೆಸುತ್ತಿದ್ದ ಸಂಸ್ಥೆಯವರೇ ತಡೆದಿದ್ದರು. ಕಾವಲಿಗೆ ಮೊದಲು ಇಬ್ಬರು ಕೂರುತ್ತಿದ್ದರು. ಸಂಸ್ಥೆಯು ಆ ಸಂಖ್ಯೆಯನ್ನು ಒಂದಕ್ಕೆ ಇಳಿಸಿತ್ತು. ಅಂದು ಕುಳಿತಿದ್ದ ಆ ಒಬ್ಬರು ಫೋನನ್ನು ನೋಡುತ್ತಿದ್ದರು.